ಕಡಿಮೆ ಬೆಲೆಯ ಗ್ರಾಫಿಕ್ಸ್ ಕಾರ್ಡ್ ದೊಡ್ಡ ಕಾರ್ಡಿನಂತೆ ಓಡೀತೇ?

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿ. ಊರಿನಲ್ಲಿ ಅಣ್ಣನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ ವಿಡಿಯೊಗಳ ಎಡಿಟಿಂಗ್ ನನ್ನ ಪಾಲಿನ ಕೆಲಸ, ಬಿಡುವಿದ್ದಾಗ ಗೇಮ್ ಆಡುತ್ತೇನೆ. ನಮ್ಮಲ್ಲಿರುವುದು ಸೆಕೆಂಡ್‌ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್: ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಹತ್ತು ಸಾವಿರ ರೂಪಾಯಿಯೊಳಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆಂದಿದ್ದೇವೆ. ಅಂಗಡಿಯವರು 4 ಜಿಬಿಯ ಜಿಟಿ 730 ತೋರಿಸಿದರು. ಯಾವುದಾದರೂ ಅಗ್ಗದ ಕಾರ್ಡ್ ಕೊಂಡು ಓವರ್‌ಕ್ಲಾಕ್ ಮಾಡಿದರೆ ದೊಡ್ಡ ಕಾರ್ಡಿನಷ್ಟೇ ಓಡುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ? ಕಾರ್ಡ್ ಸುಟ್ಟುಹೋಗುವ ಭಯ ಇದೆಯೇ? ನಮ್ಮಲ್ಲಿ ಬೇಸಿಗೆ ಬಿಸಿಲು ಜೋರು, ಕರೆಂಟೂ ಹೋಗಿ ಬಂದು ಮಾಡುತ್ತದೆ.
— ಓರ್ವ ಓದುಗ, ಹಳ್ಳಿಖೇಡ (ಬಿ), ಹುಮನಾಬಾದ್ ತಾಲ್ಲೂಕು

ಉತ್ತರ: ಕೊಳ್ಳುವ ಮೊದಲೇ ಕೇಳಿದ್ದೀರಿ, ಬಹಳ ಒಳ್ಳೆಯದಾಯಿತು. ಕಾರ್ಡ್ ತಂದ ಮೇಲೆ ಕೇಳುವವರೇ ಹೆಚ್ಚು, ಆಗ ಹೇಳುವುದಕ್ಕೆ ಅಷ್ಟೇನೂ ಉಳಿದಿರುವುದಿಲ್ಲ. ನಿಮ್ಮ ಪತ್ರದಲ್ಲಿ ಮೂರು ಸಂದೇಹಗಳಿವೆ. ನಿಮ್ಮ ಕಂಪ್ಯೂಟರಿಗೆ ಯಾವ ಕಾರ್ಡ್ ಹೊಂದುತ್ತದೆ, 4 ಜಿಬಿ ಎಂಬ ಅಂಕಿಯನ್ನು ಎಷ್ಟು ನಂಬಬೇಕು, ಓವರ್‌ಕ್ಲಾಕ್‌ನಿಂದ ನಿಜವಾಗಿ ಸಿಗುವುದೆಷ್ಟು. ಕೊನೆಯ ಸಾಲಿನಲ್ಲಿ ಸುಮ್ಮನೆ ಸೇರಿಸಿದಂತಿರುವ ಬಿಸಿಲಿನ ಮಾತು ಈ ಮೂರಕ್ಕಿಂತ ಮುಖ್ಯವಾದದ್ದು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಒಂದು ಮಾತು. ನುಡಿಯಲ್ಲಿ ಟೈಪ್ ಮಾಡಲು, ಟ್ಯಾಲಿಯಲ್ಲಿ ಲೆಕ್ಕ ಬರೆಯಲು, ಫೋಟೊಶಾಪ್‌ನಲ್ಲಿ ಆಲ್ಬಮ್ ಹಾಳೆ ಜೋಡಿಸಲು ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಎಂದೇನಿಲ್ಲ, ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. ವಿಡಿಯೊ ಎಡಿಟಿಂಗ್ ಮತ್ತು ಗೇಮ್‌ಗೆ ಕಾರ್ಡ್ ಬೇಕು, ಆದರೆ 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಎಡಿಟಿಂಗ್ ತಡವರಿಸುವುದಕ್ಕೆ ಕಾರ್ಡ್ ಇಲ್ಲದಿರುವುದೊಂದೇ ಕಾರಣ ಆಗಿರಲಾರದು. ಎಡಿಟಿಂಗ್ ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಮೆಮೊರಿ ಶೇಕಡ 90ರ ಮೇಲೆಯೇ ನಿಂತಿದ್ದರೆ ಮೊದಲು ರ‍್ಯಾಮನ್ನು 16 ಜಿಬಿಗೆ ಏರಿಸಿ. ಎಸ್‌ಎಸ್‌ಡಿ ಇಲ್ಲದೆ ಹಳೆಯ ಹಾರ್ಡ್‌ಡಿಸ್ಕಿನಲ್ಲೇ ಕೆಲಸ ನಡೆದಿದ್ದರೆ ಅದನ್ನೂ ಹಾಕಿಸಿ. ಉಳಿದ ಹಣದಲ್ಲಿ ಕಾರ್ಡ್ ಕೊಳ್ಳಿ. ಇಷ್ಟರಿಂದಲೇ ಅಣ್ಣನವರ ಅರ್ಧ ತೊಂದರೆ ತೀರಬಹುದು.

ಇನ್ನು ಕಾರ್ಡಿನ ವಿಷಯ. ಎಲ್ಲರೂ ಮೊದಲು ಕಾರ್ಡಿನ ಹೆಸರು ಕೇಳುತ್ತಾರೆ. ನೀವು ಮೊದಲು ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮೇಲಿನ ಚೀಟಿ ಓದಬೇಕು. ಆಪ್ಟಿಪ್ಲೆಕ್ಸ್ ಕಚೇರಿ ಕೆಲಸಕ್ಕೆಂದು ಮಾಡಿದ ಯಂತ್ರ. ಆ ಕಾಲದ ಮಾದರಿಗಳಲ್ಲಿ ಎಸ್‌ಎಂಪಿಎಸ್ ಸಾಮಾನ್ಯವಾಗಿ 250ರಿಂದ 300 ವ್ಯಾಟಿನ ಆಸುಪಾಸಿನಲ್ಲಿರುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ಪ್ರತ್ಯೇಕ ಪವರ್ ವೈರ್ ಇರುವುದೇ ಇಲ್ಲ. ಹೊರಗಿನಿಂದ ಬೇರೆ ಎಸ್‌ಎಂಪಿಎಸ್ ತಂದು ಹಾಕೋಣವೆಂದರೆ, ಅಂಗಡಿಯಲ್ಲಿ ಸಿಗುವ ಎಸ್‌ಎಂಪಿಎಸ್‌ನ 24 ಪಿನ್ನಿನ ಕನೆಕ್ಟರ್ ಈ ತಲೆಮಾರಿನ ಅನೇಕ ಡೆಲ್ ಬೋರ್ಡುಗಳಿಗೆ ನೇರವಾಗಿ ಕೂರುವುದಿಲ್ಲ. ಡೆಲ್‌ನವರು 8 ಪಿನ್ನಿನ ತಮ್ಮದೇ ಕನೆಕ್ಟರ್ ಇಟ್ಟಿದ್ದಾರೆ, ಮಧ್ಯೆ ಒಂದು ಅಡಾಪ್ಟರ್ ಬೇಕಾಗುತ್ತದೆ. ಹೀಗಾಗಿ ನಿಮಗೆ ಸರಳವಾದ ದಾರಿ ಎಂದರೆ ಮದರ್‌ಬೋರ್ಡಿನ ಸ್ಲಾಟಿನಿಂದಲೇ ವಿದ್ಯುತ್ ಪಡೆದು ಓಡುವ ಕಾರ್ಡು. ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದ ಒಂದು ಕಾರ್ಡ್ ಹೆಚ್ಚೆಂದರೆ 75 ವ್ಯಾಟ್ ಎಳೆಯಬಹುದು. ಆ 75ರ ಗೆರೆಯೊಳಗೆ ಬರುವ ಕಾರ್ಡುಗಳಷ್ಟೇ ನಿಮ್ಮ ಪಟ್ಟಿ.

ಸ್ಲಾಟಿನ ಪಕ್ಕದಲ್ಲಿ ಕಾರ್ಡ್ ನಿಲ್ಲುವ ತಗಡಿನ ಕಿಂಡಿಯನ್ನೂ ನೋಡಿಕೊಳ್ಳಿ. ಕ್ಯಾಬಿನೆಟ್ ಮಲಗಿಸಿ ಇಡುವಂಥ ತೆಳುವಾದದ್ದಾದರೆ ಅರ್ಧ ಎತ್ತರದ, ಅಂದರೆ ಲೋ ಪ್ರೊಫೈಲ್ ಕಾರ್ಡೇ ಬೇಕು. ನಿಲ್ಲಿಸಿ ಇಡುವ ಟವರ್ ಆದರೆ ಪೂರ್ಣ ಎತ್ತರದ್ದು ಹಿಡಿಸುತ್ತದೆ.

ಆ ಪಟ್ಟಿಯಲ್ಲಿ ನಿಮಗೆ ನಾನು ಮೊದಲು ಹೇಳುವುದು ಜಿಟಿಎಕ್ಸ್ 1650. 2019ರ ಏಪ್ರಿಲ್‌ನಲ್ಲಿ ಬಂದದ್ದು, 4 ಜಿಬಿ ಮೆಮೊರಿ, 75 ವ್ಯಾಟ್. ಕೆಲವು ಕಂಪನಿಗಳು ಇದಕ್ಕೂ 6 ಪಿನ್ನಿನ ಪವರ್ ಕನೆಕ್ಟರ್ ಹಚ್ಚಿ ಮಾರಿವೆ, ಅಂಥದ್ದು ನಿಮಗೆ ಬೇಡ, ಕನೆಕ್ಟರ್ ಇಲ್ಲದ್ದನ್ನೇ ಕೇಳಿ. ಇದಕ್ಕಿಂತ ಹಳೆಯದು 2016ರ ಜಿಟಿಎಕ್ಸ್ 1050 ಟಿಐ. ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಗೇಮ್‌ಗಳಲ್ಲಿ 1650ಕ್ಕಿಂತ ಹಿಂದೆ. ಅದರ ತಲೆಮಾರಿನ ಕಾರ್ಡುಗಳಿಗೆ ಹೊಸ ಗೇಮ್‌ಗಳಿಗೆಂದು ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿದೆ, ಇನ್ನು ಭದ್ರತೆಯ ಪರಿಷ್ಕರಣೆಗಳಷ್ಟೇ. ಕೈಯಲ್ಲಿ ಹಣ ಇನ್ನಷ್ಟು ಇದ್ದರೆ 2024ರ ಫೆಬ್ರುವರಿಯಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಚೆನ್ನಾಗಿದೆ, ಅದು 70 ವ್ಯಾಟಿನದು. ಇದೇ ಹೆಸರಿನ 8 ಜಿಬಿಯ ಕಾರ್ಡ್ ಬೇರೆ, ಅದಕ್ಕೆ 130 ವ್ಯಾಟ್ ಬೇಕು. ಪೆಟ್ಟಿಗೆಯ ಮೇಲೆ 6 ಜಿಬಿ ಎಂದಿರುವುದನ್ನು ಓದಿಯೇ ಹಣ ಕೊಡಿ.

ಎಎಂಡಿಯ ಆರ್‌ಎಕ್ಸ್ 6400 ಕೂಡ 53 ವ್ಯಾಟಿನ ಚಿಕ್ಕ ಕಾರ್ಡೇ, ಹೊಸ ಯಂತ್ರಕ್ಕೆ ಒಳ್ಳೆಯದು. ನಿಮ್ಮದಕ್ಕೆ ಬೇಡ ಎನ್ನುತ್ತೇನೆ. ಆ ಕಾರ್ಡ್ ಮದರ್‌ಬೋರ್ಡಿನ ಜೊತೆ ನಾಲ್ಕೇ ಲೇನ್‌ಗಳಲ್ಲಿ ಮಾತಾಡುತ್ತದೆ. ನಾಲ್ಕನೇ ಆವೃತ್ತಿಯ ಪಿಸಿಐ ಎಕ್ಸ್‌ಪ್ರೆಸ್ ಇದ್ದರೆ ಅಷ್ಟು ಸಾಲುತ್ತದೆ. ನಿಮ್ಮ ಐ5 ಕಾಲದ ಬೋರ್ಡಿನಲ್ಲಿ ಮೂರನೆಯದು, ಕೆಲವು ಅಗ್ಗದ ಬೋರ್ಡುಗಳಲ್ಲಿ ಎರಡನೆಯದು. ಪ್ರತಿ ಆವೃತ್ತಿ ಹಿಂದೆ ಹೋದಂತೆ ವೇಗ ಅರ್ಧವಾಗುತ್ತದೆ. ಮೇಲಾಗಿ ಅದರಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲ, ಸ್ಟುಡಿಯೊ ಕೆಲಸಕ್ಕೆ ಇದು ದೊಡ್ಡ ಕೊರತೆ. ಜಿಟಿ 1030ರಲ್ಲೂ ಎನ್‌ಕೋಡರ್ ಇಲ್ಲ. ಎಡಿಟಿಂಗ್ ಮುಗಿದು ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಸೆಸರಿನ ಹೊರೆ ಇಳಿಸುವುದು ಕಾರ್ಡಿನೊಳಗಿನ ಈ ಎನ್‌ಕೋಡರೇ. ಇಂಟೆಲ್‌ನ ಆರ್ಕ್ ಎ380 ಎನ್‌ಕೋಡಿಂಗ್‌ಗೆ ಹೆಸರಾದದ್ದು, ಆದರೆ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇಲ್ಲದ ಹಳೆಯ ಬೋರ್ಡುಗಳಲ್ಲಿ ಗೇಮ್‌ಗಳಿಗೆ ತೀರ ಕುಂಠಿತವಾಗುತ್ತದೆ.

ಈಗ ಅಂಗಡಿಯವರು ತೋರಿಸಿದ 4 ಜಿಬಿಯ ಜಿಟಿ 730. ಇಲ್ಲಿ ಗೊಂದಲ ಆಗುವುದು ತೀರ ಸಹಜ, ಏಕೆಂದರೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವುದೇ ಆ ಜಿಬಿ. ಅದು ಕಾರ್ಡಿನ ಮೆಮೊರಿಯಲ್ಲಿ ಎಷ್ಟು ತುಂಬಬಹುದು ಎಂಬುದನ್ನು ಹೇಳುತ್ತದೆ. ತುಂಬಿದ್ದನ್ನು ಎಷ್ಟು ಬೇಗ ಹೊರತೆಗೆಯಬಹುದು ಎಂಬುದು ಬೇರೆ ಲೆಕ್ಕ. ನಿಮ್ಮೂರಿನವರಿಗೆ ಸಕ್ಕರೆ ಕಾರ್ಖಾನೆ ಗೊತ್ತು. ಹಂಗಾಮಿನಲ್ಲಿ ಅಂಗಳದಲ್ಲಿ ನೂರು ಟ್ರ್ಯಾಕ್ಟರ್ ನಿಲ್ಲಲು ಜಾಗವಿದ್ದರೂ ತೂಕದ ಕಾಟಾ ಒಂದೇ ಇದ್ದರೆ ಕಬ್ಬು ಒಳಗೆ ಹೋಗುವುದು ಕಾಟಾದ ವೇಗದಲ್ಲಿ. ಅಂಗಳ ಎರಡರಷ್ಟಾದರೆ ಸಾಲು ಉದ್ದವಾಗುತ್ತದೆ, ಅಷ್ಟೆ. ಕಾರ್ಡಿನಲ್ಲಿ ಆ ಕಾಟಾಕ್ಕೆ ಮೆಮೊರಿ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. 64 ಬಿಟ್ಟಿನ ಡಿಡಿಆರ್3 ಮೆಮೊರಿಯ ಜಿಟಿ 730ರಲ್ಲಿ ಇದು ಸೆಕೆಂಡಿಗೆ 14.4 ಜಿಬಿ. ಜಿಟಿಎಕ್ಸ್ 1650ರಲ್ಲಿ 128 ಜಿಬಿ, ಅದರದೇ ಜಿಡಿಡಿಆರ್6 ಮಾದರಿಯಲ್ಲಿ 192 ಜಿಬಿ. ಎರಡೂ 4 ಜಿಬಿಯ ಕಾರ್ಡುಗಳೇ, ಆದರೆ ಸುಮಾರು ಒಂಬತ್ತು ಪಟ್ಟಿನ ಅಂತರ. ಲೆಕ್ಕ ಮಾಡುವ ಕೋರುಗಳೂ 730ರಲ್ಲಿ ಹೆಚ್ಚೆಂದರೆ 384, 1650ರಲ್ಲಿ 896. ಅಲ್ಲದೆ 730ರ ತಲೆಮಾರಿಗೆ ಡ್ರೈವರ್ ಪರಿಷ್ಕರಣೆ 2024ರಲ್ಲೇ ಪೂರ್ತಿ ನಿಂತಿದೆ. ಕಂಪ್ಯೂಟರಿಗೆ ಇನ್ನೊಂದು ಮಾನಿಟರ್ ಜೋಡಿಸುವ ಕೆಲಸವಿದ್ದರೆ ಅದು ಸಾಕು. ಎಡಿಟಿಂಗ್‌ಗೂ ಗೇಮ್‌ಗೂ ಅದಕ್ಕೆ ಹಣ ಹಾಕಬೇಡಿ.

ಒಂದೇ ಹೆಸರಿನಲ್ಲಿ ಎರಡು ವೇಗದ ಕಾರ್ಡುಗಳೂ ಉಂಟು. ಜಿಟಿ 1030 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂತು, ಸೆಕೆಂಡಿಗೆ 48 ಜಿಬಿ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯದು ಬಂತು, 16.8 ಜಿಬಿ. ಕೊಳ್ಳುವವರಿಗೆ ಹೀಗೆ ಮಾಡಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಜಿಬಿ’ ಎಂಬುದರ ಜೊತೆಗೆ ‘ಯಾವ ಮೆಮೊರಿ, ಎಷ್ಟು ಬಿಟ್’ ಎಂಬುದೂ ಹೌದು.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್.ಪಿ. ರಸ್ತೆಯ ಹೆಸರು ನೀವು ಕೇಳಿರುತ್ತೀರಿ, ಆದರೆ ನಿಮಗೆ ಅದಕ್ಕಿಂತ ಎಷ್ಟೋ ಹತ್ತಿರ ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್. ಬೀದರ್ ಕಡೆಯವರು ಕಂಪ್ಯೂಟರ್ ಸಾಮಾನಿಗೆ ಅಲ್ಲಿಗೆ ಹೋಗಿ ಬರುವುದು ಹೊಸದಲ್ಲ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೆ ತಿರುಗಬಹುದು. ದರ ಮಾತ್ರ ನಾನಿಲ್ಲಿ ಬರೆಯುವುದಿಲ್ಲ, ವಾರದಿಂದ ವಾರಕ್ಕೆ ಬದಲಾಗುವ ಅಂಕಿ ಅಚ್ಚಾಗುವಷ್ಟರಲ್ಲಿ ಹಳತಾಗುತ್ತದೆ. ಹೊಸ 1650 ಸಿಗದೆ ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಕೆಲವು ಎಚ್ಚರಿಕೆ ಬೇಕು.

ಹಳೆಯ ಜಿಟಿಎಕ್ಸ್ 550 ಟಿಐಯಂಥ ಕಾರ್ಡಿನ ಬಯಾಸ್ ಎಂಬ ಮೂಲ ತಂತ್ರಾಂಶವನ್ನು ತಿದ್ದಿ ‘1050 ಟಿಐ’ ಎಂದು ಮಾರುವ ದಂಧೆ ಇದೆ. ವಿಂಡೋಸ್‌ನಲ್ಲಿ ಹೆಸರೂ ಹಾಗೆಯೇ ಕಾಣುತ್ತದೆ. ಮೊದಲು ಕಾರ್ಡಿನ ಹಿಂಬದಿ ನೋಡಿ. ಹಳೆಯ ಮಾನಿಟರುಗಳ ನೀಲಿ ಬಣ್ಣದ ವಿಜಿಎ ಕಿಂಡಿ ಅಲ್ಲಿದ್ದರೆ ಅನುಮಾನ ಪಡಿ. 1050 ಟಿಐ ತಲೆಮಾರಿನ ಚಿಪ್ಪಿನಿಂದ ವಿಜಿಎಗೆ ಬೇಕಾದ ಅನಲಾಗ್ ಸಂಕೇತ ಹೊರಡುವುದೇ ಇಲ್ಲ. ಆಮೇಲೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಂಗಡಿಯಲ್ಲೇ ಓಡಿಸಿ. 2018ರಿಂದೀಚಿನ ಅದರ ಆವೃತ್ತಿಗಳು ಇಂಥ ಕಾರ್ಡನ್ನು ಗುರುತಿಸಿ, ಹೆಸರಿನ ಪಕ್ಕದಲ್ಲೇ ನಕಲಿ ಎಂದು ತೋರಿಸುತ್ತವೆ. ಅಲ್ಲಿಯೇ ಮೆಮೊರಿಯ ಬಗೆ, ಬಿಟ್ಟುಗಳ ಸಂಖ್ಯೆ, ಬ್ಯಾಂಡ್‌ವಿಡ್ತ್ ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತವೆ.

ಇನ್ನೊಂದು ಬಗೆ ಆರ್‌ಎಕ್ಸ್ 580. ಅಂಗಡಿಯವರು ‘ಇಷ್ಟು ದುಡ್ಡಿಗೆ ಎಷ್ಟು ದೊಡ್ಡ ಕಾರ್ಡು ನೋಡಿ’ ಎಂದು ಕೈಗಿಡುತ್ತಾರೆ. ಇದರಲ್ಲಿ 2048ಎಸ್‌ಪಿ ಎಂಬ ಬಾಲವಿರುವುದು ಅಸಲಿಗೆ ಆರ್‌ಎಕ್ಸ್ 570ರ ಮಟ್ಟದ್ದು. ಕ್ರಿಪ್ಟೊ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದ ಕಾರ್ಡುಗಳೂ, 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ಎಂಬ ಕ್ರಿಪ್ಟೊ ಜಾಲ ತನ್ನ ಪದ್ಧತಿ ಬದಲಿಸಿ ಗ್ರಾಫಿಕ್ಸ್ ಕಾರ್ಡಿನ ಗಣಿಗಾರಿಕೆಯನ್ನು ಕೈಬಿಟ್ಟ ಮೇಲೆ, ಹೇರಳವಾಗಿ ಮಾರುಕಟ್ಟೆಗೆ ಬಂದವು. ಅವು ಎಲ್ಲವೂ ಕೆಟ್ಟವೆಂದಲ್ಲ. ಆದರೆ 580ಕ್ಕೆ ಬೇಕಾದದ್ದು 185 ವ್ಯಾಟ್, ನಿಮ್ಮ ಡೆಲ್ ಎಸ್‌ಎಂಪಿಎಸ್ ಅದನ್ನು ತಾಳುವುದಿಲ್ಲ. ಮಾತು ಅಲ್ಲಿಗೇ ಮುಗಿಯಿತು.

ಈಗ ಓವರ್‌ಕ್ಲಾಕ್. ಚಿಪ್ಪು ಒಂದು ಸೆಕೆಂಡಿಗೆ ಎಷ್ಟು ಕೋಟಿ ಮಿಡಿತದಲ್ಲಿ ಕೆಲಸ ಮಾಡಬೇಕೆಂದು ತಯಾರಕರು ಗೊತ್ತು ಮಾಡಿರುತ್ತಾರೆ. ಅದನ್ನು ನಾವೇ ಏರಿಸುವುದಕ್ಕೆ ಈ ಹೆಸರು. ನಿಮ್ಮ ಗೆಳೆಯರ ಮಾತು ಗಾಳಿಯಲ್ಲಿ ಹುಟ್ಟಿದ್ದೇನಲ್ಲ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ಬಂದಿತ್ತು. ಅದರ ವೇಗ 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100ಕ್ಕೆ ಬದಲಿಸಿದರೆ ಅನೇಕ ಚಿಪ್ಪುಗಳು 450ರಲ್ಲಿ ನಿಶ್ಚಿಂತೆಯಾಗಿ ಓಡುತ್ತಿದ್ದವು. ಒಂದೂವರೆ ಪಟ್ಟು ವೇಗ, ಬಿಡಿಗಾಸಿನ ಖರ್ಚಿಲ್ಲದೆ! ಬಹು ದುಬಾರಿಯ ಪೆಂಟಿಯಮ್ ಜೊತೆ ಸರಿಸಾಟಿಯಾಗಿ ನಿಂತ ಆ ಚಿಪ್ಪಿನ ಕೀರ್ತಿ ಬಾಯಿಂದ ಬಾಯಿಗೆ ಇನ್ನೂ ನಡೆದಿದೆ.

ಅಂದು ತಯಾರಕರು ಬಿಟ್ಟಿದ್ದ ಉಳಿಕೆ ಈಗ ಇಲ್ಲ. 2012ರಲ್ಲಿ ಜಿಟಿಎಕ್ಸ್ 680ರ ಜೊತೆ ಎನ್ವಿಡಿಯಾ ಜಿಪಿಯು ಬೂಸ್ಟ್ ಎಂಬ ವ್ಯವಸ್ಥೆ ತಂದಿತು. ಅಂದಿನಿಂದ ಕಾರ್ಡೇ ತನ್ನ ಬಿಸಿ, ತಾನು ಎಳೆಯುತ್ತಿರುವ ವಿದ್ಯುತ್ತು, ವೋಲ್ಟೇಜು ಮೂರನ್ನೂ ಕ್ಷಣಕ್ಷಣ ಅಳೆದು, ಜಾಗ ಇದ್ದಷ್ಟು ವೇಗವನ್ನು ತಾನಾಗಿ ಏರಿಸಿಕೊಳ್ಳುತ್ತದೆ. 1650ರ ಪೆಟ್ಟಿಗೆಯ ಮೇಲೆ 1665 ಮೆಗಾಹರ್ಟ್ಸ್ ಎಂದಿದ್ದರೂ ತಂಪಾಗಿದ್ದಾಗ ಅದು 1800ರ ಮೇಲೆಯೇ ಓಡುತ್ತಿರುತ್ತದೆ. ಅಂದರೆ ಓವರ್‌ಕ್ಲಾಕಿನ ದೊಡ್ಡ ಪಾಲು ಕಾರ್ಖಾನೆಯಲ್ಲೇ ಆಗಿ ಬಂದಿದೆ. ನಮಗೆ ಉಳಿದದ್ದು ಶೇಕಡ 5ರಿಂದ 10. ಗೇಮಿನಲ್ಲಿ ಸೆಕೆಂಡಿಗೆ 40 ಚೌಕಟ್ಟು ಬರುತ್ತಿದ್ದದ್ದು 42 ಅಥವಾ 43 ಆಗುತ್ತದೆ. 1650 ಎಷ್ಟು ಏರಿಸಿದರೂ 3050 ಆಗುವುದಿಲ್ಲ, 730 ಅಂತೂ 1650ರ ಹತ್ತಿರವೂ ಬರುವುದಿಲ್ಲ. ನಿಮ್ಮ ಗೆಳೆಯರಿಗೆ ಹೀಗೆ ಹೇಳಬಹುದು.

ಇನ್ನು ನೀವು ಬರೆದ ಬಿಸಿಲಿನ ಮಾತು. ಕಾರ್ಡ್ ತಾನಾಗಿ ವೇಗ ಏರಿಸಿಕೊಳ್ಳುವುದು ಬಿಸಿ ನೋಡಿಕೊಂಡು ಎಂದೆನಲ್ಲ, ಬಿಸಿ ಏರಿದರೆ ಅದೇ ರೀತಿ ಇಳಿಸಿಕೊಳ್ಳುತ್ತದೆ. 1050 ಟಿಐ, 1650ರಂಥ ಕಾರ್ಡುಗಳು 80 ಡಿಗ್ರಿ ದಾಟುತ್ತಿದ್ದಂತೆ ಒಂದೊಂದೇ ಮೆಟ್ಟಿಲು ಕೆಳಗೆ ಬರುತ್ತವೆ. ಪತ್ರಿಕೆಗಳಲ್ಲಿ, ವಿಡಿಯೊಗಳಲ್ಲಿ ನೋಡುವ ಪರೀಕ್ಷೆಗಳು ಸಾಮಾನ್ಯವಾಗಿ 20–25 ಡಿಗ್ರಿಯ ಕೋಣೆಯಲ್ಲಿ ನಡೆದವು. ಹುಮನಾಬಾದ್ ಸೀಮೆಯ ಏಪ್ರಿಲ್-ಮೇ ಮಧ್ಯಾಹ್ನ 40 ಡಿಗ್ರಿ ಮುಟ್ಟುತ್ತದೆ. ಕೋಣೆಯ ಗಾಳಿ 15 ಡಿಗ್ರಿ ಏರಿದರೆ ಕಾರ್ಡಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಜನವರಿಯಲ್ಲಿ 66ರಲ್ಲಿದ್ದ ಕಾರ್ಡು ಮೇ ತಿಂಗಳಲ್ಲಿ 81ಕ್ಕೆ ನಿಂತು, ಪೆಟ್ಟಿಗೆಯಲ್ಲಿ ಬರೆದ ವೇಗವನ್ನೂ ಕೊಡದೆ ಹೋಗಬಹುದು. ಆದ್ದರಿಂದ ಕಾರ್ಡನ್ನು ತಂಪಾಗಿಡುವುದೇ ನಿಮ್ಮ ಕಡೆ ಮೊದಲನೆಯ ಓವರ್‌ಕ್ಲಾಕ್.

ಇದಕ್ಕೆ ದುಡ್ಡಿಗಿಂತ ಕೈಗೆಲಸ ಹೆಚ್ಚು ಬೇಕು. ಕ್ಯಾಬಿನೆಟ್ಟನ್ನು ಮೇಜಿನ ಕೆಳಗಿನ ಮುಚ್ಚಿದ ಕಪಾಟಿನಿಂದ ಹೊರತೆಗೆದು, ಹಿಂಭಾಗ ಗೋಡೆಯಿಂದ ಗೇಣು ದೂರ ಇರುವಂತೆ ಇಡಿ. ತೊಗರಿ ರಾಶಿಯ ಕಾಲ, ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ಕಾಲ ಎರಡರಲ್ಲೂ ರಸ್ತೆ ಬದಿಯ ಅಂಗಡಿಯೊಳಗೆ ಧೂಳು ಬಹಳ. ಎರಡು-ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಆಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡಿರಿ. ಸೆಕೆಂಡ್‌ಹ್ಯಾಂಡ್ ಕಾರ್ಡ್ ಆದರೆ ಒಳಗಿನ ಥರ್ಮಲ್ ಪೇಸ್ಟ್ ಒಣಗಿರುವ ಸಂಭವ ಹೆಚ್ಚು. 1650ರಂಥ ಚಿಕ್ಕ ಕಾರ್ಡಿನ ಬೆನ್ನಿನಲ್ಲಿ ಸಾಮಾನ್ಯವಾಗಿ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳಿರುತ್ತವೆ. ಒಂದನ್ನೇ ಪೂರ್ತಿ ಬಿಚ್ಚದೆ, ಎದುರುಬದುರು ಮೂಲೆಗಳನ್ನು ಸ್ವಲ್ಪಸ್ವಲ್ಪ ಸಡಿಲಿಸುತ್ತ ಬನ್ನಿ. ಫ್ಯಾನಿನ ಸಣ್ಣ ವೈರನ್ನು ಬೋರ್ಡಿನಿಂದ ಬಿಡಿಸಿ ಹೀಟ್‌ಸಿಂಕ್ ಎತ್ತಿದರೆ ಕನ್ನಡಿಯಂಥ ಚಿಪ್ಪು ಕಾಣುತ್ತದೆ, ಸುತ್ತ ಬೂದುಬಣ್ಣದ ಹಕ್ಕಳೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಮತ್ತೆ ಎದುರುಬದುರಾಗಿಯೇ ಬಿಗಿಯಿರಿ. ಇದೊಂದರಿಂದಲೇ ಹಳೆಯ ಕಾರ್ಡಿನ ಬಿಸಿ ಚೆನ್ನಾಗಿ ಇಳಿಯುವುದುಂಟು. ವಾರಂಟಿ ಇನ್ನೂ ಇರುವ ಕಾರ್ಡನ್ನು ಮಾತ್ರ ಬಿಚ್ಚಬೇಡಿ.

ಆಮೇಲೆ ತಂತ್ರಾಂಶದ ಕೆಲಸ. ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತ, ಯಾವ ಕಂಪನಿಯ ಕಾರ್ಡಾದರೂ ನಡೆಯುತ್ತದೆ. ಏನನ್ನೂ ಮುಟ್ಟುವ ಮೊದಲು ಯೂನಿಜಿನ್ ಹೆವೆನ್‌ನಂಥ ಪರೀಕ್ಷೆಯೊಂದನ್ನು ಇಪ್ಪತ್ತು ನಿಮಿಷ ಓಡಿಸಿ, ಬಿಸಿ, ವೇಗ, ಅಂಕ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬರೆದಿಡದಿದ್ದರೆ ಮುಂದೆ ಲಾಭವಾಯಿತೋ ನಷ್ಟವಾಯಿತೋ ತಿಳಿಯುವುದೇ ಇಲ್ಲ. ನಂತರ ಫ್ಯಾನ್ ಕರ್ವ್ ಎಂಬಲ್ಲಿ ಹೋಗಿ, 70 ಡಿಗ್ರಿಗೆ ಫ್ಯಾನು ಶೇಕಡ 70–75ರ ವೇಗದಲ್ಲಿ ತಿರುಗುವಂತೆ ಮಾಡಿ. ಸದ್ದು ಹೆಚ್ಚುತ್ತದೆ, ಸ್ಟುಡಿಯೊದಲ್ಲಿ ಅದು ಅಡ್ಡಿಯಾಗಲಾರದು.

ಈಗ ಕೋರ್ ಕ್ಲಾಕ್‌ನ ಗುಂಡಿಯನ್ನು 25 ಮೆಗಾಹರ್ಟ್ಸ್ ಏರಿಸಿ, ಅನ್ವಯಿಸಿ, ಹತ್ತು-ಹದಿನೈದು ನಿಮಿಷ ಪರೀಕ್ಷೆ ಓಡಿಸಿ. ತೊಂದರೆ ಇಲ್ಲವಾದರೆ ಮತ್ತೆ 25. ಮಿತಿ ಮುಟ್ಟಿದಾಗ ಕಾರ್ಡೇ ಹೇಳುತ್ತದೆ: ಪರದೆಯ ಮೇಲೆ ಬಣ್ಣಬಣ್ಣದ ಚುಕ್ಕೆ, ಎಲ್ಲಿಂದಲೋ ಚಾಚಿದ ತ್ರಿಕೋನಗಳು, ಇಲ್ಲವೇ ಪರದೆ ಒಮ್ಮೆ ಕಪ್ಪಾಗಿ ಡ್ರೈವರ್ ಮತ್ತೆ ಎದ್ದು ಬರುವುದು. ಕಂಡ ಕೂಡಲೇ ಎರಡು ಮೆಟ್ಟಿಲು ಹಿಂದೆ ಬಂದು ಅಲ್ಲೇ ನಿಲ್ಲಿ. ಮೆಮೊರಿ ಕ್ಲಾಕನ್ನು 100ರ ಮೆಟ್ಟಿಲಲ್ಲಿ ಏರಿಸಬಹುದು. ಇಲ್ಲಿ ಒಂದು ಸೂಕ್ಷ್ಮ ಇದೆ. ಜಿಡಿಡಿಆರ್5 ಮೆಮೊರಿ ತಪ್ಪಾದ ದತ್ತಾಂಶವನ್ನು ಗುರುತಿಸಿ ಮತ್ತೆ ಕಳಿಸುವಂತೆ ಕೇಳುತ್ತದೆ. ಹೀಗಾಗಿ ಮಿತಿ ಮೀರಿದಾಗ ಚುಕ್ಕೆ ಕಾಣುವ ಮೊದಲೇ ಅಂಕ ಇಳಿಯತೊಡಗುತ್ತದೆ. ಗುಂಡಿ ಏರಿಸಿದಷ್ಟೂ ಲಾಭ ಎಂದುಕೊಳ್ಳದೆ ನೋಟ್‌ಬುಕ್ಕಿನ ಅಂಕ ನೋಡಿ. ವಿಂಡೋಸ್ ಆರಂಭವಾದಾಗಲೇ ಈ ಸೆಟ್ಟಿಂಗ್ ಬರಲಿ ಎಂಬ ಆಯ್ಕೆಯನ್ನು ಒಂದು ವಾರ ನಿತ್ಯದ ಕೆಲಸ ಸುಸೂತ್ರವಾಗಿ ನಡೆಯುವವರೆಗೆ ಒತ್ತಬೇಡಿ. ಅಲ್ಲಿಯವರೆಗೆ ಏನೇ ತಪ್ಪಾದರೂ ರೀಸ್ಟಾರ್ಟ್ ಮಾಡಿದರೆ ಎಲ್ಲ ಮೊದಲಿನಂತಾಗುತ್ತದೆ. ಡಿಸೆಂಬರ್ ರಾತ್ರಿಯಲ್ಲಿ ಗೊತ್ತುಮಾಡಿದ ಅಂಕಿ ಮೇ ಮಧ್ಯಾಹ್ನಕ್ಕೆ ನಿಲ್ಲದಿರಬಹುದು. ಕೊನೆಯ ಪರೀಕ್ಷೆ ಬಿಸಿಲಿನ ದಿನವೇ ಆಗಲಿ.

ನನ್ನನ್ನು ಕೇಳಿದರೆ ನಿಮಗೆ ಇದಕ್ಕಿಂತಲೂ ಉಪಯೋಗದ್ದು ಇದರ ತಿರುವುಮುರುವು, ಅಂಡರ್‌ವೋಲ್ಟ್. ಚಿಪ್ಪು ಎಳೆಯುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ನೇರವಾಗಿ ಏರಿದರೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ವೇಗವನ್ನು 1.05 ವೋಲ್ಟಿನ ಬದಲು 0.95 ವೋಲ್ಟಿನಲ್ಲಿ ಪಡೆದರೆ, 0.95ನ್ನು 1.05ರಿಂದ ಭಾಗಿಸಿ ವರ್ಗ ಮಾಡಿ ನೋಡಿ, ಸುಮಾರು 0.82 ಬರುತ್ತದೆ. ಚಿಪ್ಪಿನ ಕೆಲಸಕ್ಕೆ ತಗಲುವ ವಿದ್ಯುತ್ತಿನಲ್ಲಿ ಶೇಕಡ 18ರಷ್ಟು ಉಳಿತಾಯ, ಅಷ್ಟೇ ಬಿಸಿಯೂ ಕಡಿಮೆ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವೋಲ್ಟೇಜಿಗೆ ಎದುರಾಗಿ ವೇಗದ ಗೆರೆಯೊಂದು ತೆರೆಯುತ್ತದೆ. 950 ಮಿಲಿವೋಲ್ಟಿನ ಚುಕ್ಕೆಯನ್ನು 1750ರ ಆಸುಪಾಸಿಗೆ ಎತ್ತಿ, ಅದರ ಬಲಕ್ಕಿರುವ ಚುಕ್ಕೆಗಳನ್ನೆಲ್ಲ ಅದೇ ಮಟ್ಟಕ್ಕೆ ತಂದು ಗೆರೆಯನ್ನು ಸಮತಟ್ಟು ಮಾಡಿ. ಪ್ರತಿ ಕಾರ್ಡಿಗೂ ಅಂಕಿ ಬೇರೆ, ಆದ್ದರಿಂದ ಇಲ್ಲೂ ಪರೀಕ್ಷೆ ತಪ್ಪದು. ಇಷ್ಟೆಲ್ಲ ಬೇಡವೆಂದರೆ ಪವರ್ ಲಿಮಿಟ್ ಗುಂಡಿಯನ್ನು 100ರಿಂದ 85ಕ್ಕೆ ಇಳಿಸಿ. ವೇಗದಲ್ಲಿ ಅಲ್ಪ ನಷ್ಟ, ಬಿಸಿಯಲ್ಲಿ ಎದ್ದು ಕಾಣುವ ಇಳಿತ. ಮಧ್ಯಾಹ್ನ ಮೂರು ತಾಸಿನ ಮದುವೆ ವಿಡಿಯೊ ಎಕ್ಸ್‌ಪೋರ್ಟಿಗೆ ಹಾಕಿ ಊಟಕ್ಕೆ ಹೋಗುವವರಿಗೆ, ಶೇಕಡ ಐದರ ವೇಗಕ್ಕಿಂತ ಯಂತ್ರ ನಡುವೆ ನಿಲ್ಲದಿರುವುದು ಹೆಚ್ಚು.

ಪ್ರೊಸೆಸರನ್ನೂ ಓವರ್‌ಕ್ಲಾಕ್ ಮಾಡಬಹುದೇ ಎಂದು ಮುಂದೆ ಕೇಳುವಿರೇನೊ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರಿಗೆ, ಅದಕ್ಕೆ ಒಪ್ಪುವ ಬೋರ್ಡಿದ್ದರೆ ಮಾತ್ರ ಅದು ಸಾಧ್ಯ. ಡೆಲ್‌ನ ಕಚೇರಿ ಯಂತ್ರದಲ್ಲಿ ಆ ದಾರಿ ಇಲ್ಲ.

ಸುಟ್ಟುಹೋಗುವ ಭಯದ ಬಗ್ಗೆ. ವೋಲ್ಟೇಜು, ವಿದ್ಯುತ್ತು, ಬಿಸಿ ಮೂರಕ್ಕೂ ಕಾರ್ಡಿನ ಬಯಾಸ್‌ನಲ್ಲೇ ಬೇಲಿ ಇರುತ್ತದೆ, ಆಫ್ಟರ್‌ಬರ್ನರ್ ಅದರೊಳಗೇ ಆಡುತ್ತದೆ. ಕನೆಕ್ಟರ್ ಇಲ್ಲದ 75 ವ್ಯಾಟಿನ ಅನೇಕ ಕಾರ್ಡುಗಳಲ್ಲಿ ಪವರ್ ಲಿಮಿಟ್ 100ರ ಮೇಲೆ ಏರುವುದೇ ಇಲ್ಲ. ಬೇರೆಯವರ ಬಯಾಸ್ ತಂದು ತುಂಬಿಸುವ ಸಾಹಸಕ್ಕೆ ಇಳಿಯದಿದ್ದರೆ ಓವರ್‌ಕ್ಲಾಕಿನಿಂದ ಕಾರ್ಡ್ ಸುಡುವ ಸಂಭವ ತೀರ ಕಡಿಮೆ. ಹೊಗೆ ಏಳುವುದು ಹೆಚ್ಚಾಗಿ ಬೇರೆ ಕಡೆ. ಹಾರ್ಡ್‌ಡಿಸ್ಕಿನ ಸಾಟಾ ವೈರಿನಿಂದ 6 ಪಿನ್ ಮಾಡುವ ಅಗ್ಗದ ಅಡಾಪ್ಟರ್ ಅಂಥದ್ದೊಂದು. ಸಾಟಾ ಕನೆಕ್ಟರ್ 12 ವೋಲ್ಟಿನ ಸಾಲಿನಲ್ಲಿ ತಾಳುವುದು 54 ವ್ಯಾಟ್, ಕಾರ್ಡಿನ 6 ಪಿನ್ 75ರವರೆಗೆ ಎಳೆಯಬಲ್ಲದು. ಪ್ಲಾಸ್ಟಿಕ್ ಕರಗುವುದು ಅಲ್ಲೇ. ಯಾರಾದರೂ ‘ಇದನ್ನು ಹಾಕಿದರೆ ಆಯ್ತು ಬಿಡಿ’ ಎಂದರೆ ಒಪ್ಪಬೇಡಿ.

ಕರೆಂಟು ಹೋಗಿ ಬರುವುದಕ್ಕೆ ಯುಪಿಎಸ್ ಇರಲಿ. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಕೊಡುವುದು 360 ವ್ಯಾಟ್. 1650 ಹಾಕಿದ ನಿಮ್ಮ ಯಂತ್ರ, ಮಾನಿಟರ್ ಸಮೇತ, ಅದರೊಳಗೆ ಧಾರಾಳವಾಗಿ ಬರುತ್ತದೆ. ಕೆಲಸ ಉಳಿಸಿ ಮುಚ್ಚುವಷ್ಟು ಸಮಯ ಸಿಕ್ಕರೆ ಸಾಕು. ಮನೆಯ ಇನ್ವರ್ಟರಿಗೇ ಜೋಡಿಸಿದ್ದರೆ ಅದರಲ್ಲಿ ಯುಪಿಎಸ್ ಎಂಬ ಸ್ವಿಚ್ ಇದೆಯೇ ನೋಡಿ, ಅದನ್ನು ಒತ್ತಿದರೆ ಬದಲಾವಣೆಯ ಕ್ಷಣದಲ್ಲಿ ಕಂಪ್ಯೂಟರ್ ಆರಿ ಹೊತ್ತುವುದು ತಪ್ಪುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಅಂಗಡಿಯ ಅರ್ಥಿಂಗ್ ಸರಿಯಿಲ್ಲ ಎಂದೇ ತಿಳಿಯಿರಿ. ಕಾರ್ಡಿನ ಮಾತಿಗೂ ಮೊದಲು ವೈರ್‌ಮನ್ನರನ್ನು ಕರೆಸಿ ಅದನ್ನು ಸರಿ ಮಾಡಿಸಿಕೊಳ್ಳಿ.

ಹೊರಡುವ ಮೊದಲು ಎಸ್‌ಎಂಪಿಎಸ್ ಚೀಟಿಯ ಫೋಟೊ, ಕ್ಯಾಬಿನೆಟ್ಟಿನ ಒಳಗಿನ ಫೋಟೊ ಎರಡನ್ನೂ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಸ್ಟುಡಿಯೊದ ಮಾನಿಟರಿನಲ್ಲಿ ವಿಜಿಎ ಒಂದೇ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ತಿರುಗಿಸುವ ಕನ್ವರ್ಟರನ್ನೂ ತನ್ನಿ. ಕಾರ್ಡ್ ಕೂರಿಸಿದ ಮೇಲೆ ಮಾನಿಟರಿನ ಕೇಬಲ್ಲನ್ನು ಬೋರ್ಡಿನ ಹಳೆಯ ಕಿಂಡಿಯಲ್ಲೇ ಬಿಡದೆ ಹೊಸ ಕಾರ್ಡಿನ ಕಿಂಡಿಗೆ ಹಾಕಿ. ಹೊಸ ಕಾರ್ಡ್ ಕೆಲಸ ಮಾಡುತ್ತಿಲ್ಲವೆಂದು ಅಂಗಡಿಗೆ ಮರಳಿ ಒಯ್ಯುವವರಲ್ಲಿ ಎಷ್ಟೋ ಮಂದಿ ಈ ಕೇಬಲ್ ಬದಲಿಸಿರುವುದೇ ಇಲ್ಲ.